ಮೂವತ್ತಮೂರು ಇಂಚಿನ ಟೈರು, ಟೇಪಣ್ಣನ ಮೊಣಕಾಲು

ಊರಿನಲ್ಲಿ ಟೇಪಣ್ಣನ ಕೈಗೆ ಸಿಗದ ಕಾಲು ಇರಲಿಲ್ಲ. ಯಾರ ಎಡಗಾಲು ಬಲಗಾಲಿಗಿಂತ ಅರ್ಧ ಇಂಚು ಗಿಡ್ಡ, ಯಾರ ಸೊಂಟ ಮದುವೆಯಾದ ಮೇಲೆ ಅಂಕೆ ತಪ್ಪಿದೆ, ಯಾರು ಅಳತೆ ಕೊಡುವಾಗ ಹೊಟ್ಟೆಯನ್ನು ಒಳಗೆಳೆದುಕೊಂಡು ಏನೂ ತಿಳಿಯದವರಂತೆ ನಿಲ್ಲುತ್ತಾರೆ, ಎಲ್ಲವೂ ಅವನ ತಲೆಯಲ್ಲಿತ್ತು. ಹೊಟ್ಟೆ ಒಳಗೆಳೆದುಕೊಂಡವರಿಗೆ ಅವನು ಹೇಳುವ ಮಾತು ಒಂದೇ. "ಉಸಿರು ಬಿಡಿ. ಇರೋ ಹಾಗೇ ನಿಲ್ಲಿ. ಈಗ ಪ್ಯಾಂಟಿಗೆ ಸುಳ್ಳು ಹೇಳಿದ್ರೆ, ನಾಳೆ ನಾಲ್ಕು ಜನರ ಮಧ್ಯೆ ಕೂತಾಗ ಅದು ನಿಜ ಹೇಳುತ್ತೆ."

ಇಷ್ಟು ಹೇಳುವವನ ಸ್ವಂತ ಪ್ಯಾಂಟನ್ನು ನೋಡಬೇಕಿತ್ತು. ಮದುವೆಯ ವರ್ಷ ಕತ್ತರಿಸಿಟ್ಟುಕೊಂಡ ಕಂದು ಕಾಗದದ ನಮೂನೆಯೊಂದು ಅಂಗಡಿಯ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಇವತ್ತಿಗೂ ತನ್ನ ಪ್ಯಾಂಟಿನ ಬಟ್ಟೆಯನ್ನು ಅದರ ಮೇಲಿಟ್ಟೇ ಕತ್ತರಿಸುತ್ತಿದ್ದ. ಸೊಂಟದ ಗುಂಡಿ ಹೊಟ್ಟೆಯ ಕೆಳಗೆಲ್ಲೋ ತಲೆಮರೆಸಿಕೊಂಡಿರುತ್ತಿತ್ತು. ದೀಪದ ಬುಡ ಕತ್ತಲೆ ಅಂದವರು ಯಾರೋ ದರ್ಜಿಯನ್ನು ನೋಡಿಯೇ ಅಂದಿರಬೇಕು.

ಅವನದು ಇನ್ನೊಂದು ಚಾಳಿ. ಮಕ್ಕಳ ಬಟ್ಟೆಯನ್ನು ಎಂದೂ ಅಳತೆಗೆ ಸರಿಯಾಗಿ ಹೊಲಿದವನಲ್ಲ. "ಬೆಳೆಯೋ ಮಕ್ಕಳು" ಅನ್ನುತ್ತ ಒಂದು ಸೈಜು ದೊಡ್ಡದೇ ಕತ್ತರಿಸಿ, ಒಳಗೆ ಮಡಿಕೆಯಲ್ಲಿ ಮತ್ತಷ್ಟು ಬಟ್ಟೆ ಬಿಡುತ್ತಿದ್ದ. ಆ ಬಟ್ಟೆ ಮಗುವಿನ ಮೈಗೆ ಸರಿಹೊಂದುವ ಹೊತ್ತಿಗೆ ಬಣ್ಣ ಹೋಗಿ ಒರೆಸುವ ಬಟ್ಟೆಯಾಗಿರುತ್ತಿತ್ತು. ತಾಯಂದಿರು ಮಾತ್ರ ಅವನನ್ನು ಹೊಗಳುತ್ತಿದ್ದರು. ಹೊಗಳಿಕೆಗೆ ಉಬ್ಬದ ದರ್ಜಿ ಇನ್ನೂ ಹುಟ್ಟಿಲ್ಲ. ಹಾಗಾಗಿ ಒಂದು ಸೈಜು ದೊಡ್ಡದಿರಲಿ ಅನ್ನುವುದು ಅವನಿಗೆ ಬರೀ ಕಸುಬಿನ ಮಾತಾಗಿ ಉಳಿಯದೆ ಬಾಳಿನ ಸೂತ್ರವೇ ಆಗಿಬಿಟ್ಟಿತ್ತು.

ಅವನ ಹೆಂಡತಿಯನ್ನು ಜನ ಮೊಟ್ಟೆಯಕ್ಕ ಅನ್ನುತ್ತಿದ್ದರು. ಕೋಳಿ ಸಾಕುವವರಿಂದ ಮೊಟ್ಟೆ ಕೊಂಡು ಅಂಗಡಿಗಳಿಗೆ, ಬೇಕರಿಗಳಿಗೆ ಹಾಕುವುದು ಅವಳ ವ್ಯಾಪಾರ. ಅಪ್ಪನಿಂದ ಬಂದ ಹಳೆಯ ಜೀಪು ಅವಳ ಕೈಯಲ್ಲಿ ಸಾಕಿದ ಹಸುವಿನ ಹಾಗೆ ಹೇಳಿದ ಮಾತು ಕೇಳುತ್ತಿತ್ತು. ಗುರುವಾರ ಮಾತ್ರ ಆ ಜೀಪು ಊರು ಬಿಟ್ಟು ಗುಡ್ಡ ಹತ್ತುತ್ತಿತ್ತು. ಕಲ್ಲುಕ್ವಾರಿ ದಾಟಿ, ಹಳ್ಳ ಇಳಿದು, ಆಮೇಲೆ ಬರೀ ಜಲ್ಲಿಯ ಏರು. ಆ ತುದಿಯಲ್ಲಿ ಒಂದು ಶಾಲೆಯ ಹಾಸ್ಟೆಲು. ಅಲ್ಲಿನ ಮಕ್ಕಳ ವಾರದ ಮೊಟ್ಟೆ ಮೊಟ್ಟೆಯಕ್ಕನ ಜೀಪಿನಲ್ಲೇ ಹೋಗಬೇಕು.

ಗುರುವಾರ ಟೇಪಣ್ಣ ಅಂಗಡಿಯ ಬಾಗಿಲು ಹಾಕಿ ಅವಳ ಜೊತೆ ಹೊರಡುತ್ತಿದ್ದ. ಹೆಂಡತಿಯ ಸೇವೆಗೆ ಹೋಗ್ತಾನೆ ಅಂತ ಜನ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವವರಿಗೆ ಏನು ಗೊತ್ತು? ಉಳಿದ ದಿನಗಳಲ್ಲಿ ಅವಳು ಬೆಳಕು ಹರಿಯುವ ಮುಂಚೆ ಮೊಟ್ಟೆಗೆ ಹೊರಟರೆ, ಇವನು ರಾತ್ರಿ ಊಟದ ಹೊತ್ತಿನವರೆಗೆ ಮಿಷನ್ನಿನ ಮುಂದಿರುತ್ತಿದ್ದ. ಮನೆಯೊಳಗೆ ಗಂಡ ಹೆಂಡಿರ ನಡುವೆ "ಗ್ಯಾಸ್ ಮುಗೀತು", "ಬಾಗಿಲು ಹಾಕಿದ್ಯಾ" ಅನ್ನುವುದರಾಚೆ ಮಾತು ದಾಟುತ್ತಿರಲಿಲ್ಲ. ಮಾತೆಲ್ಲ ಜೀಪಿನಲ್ಲಿ. ಮಗಳಿಗೆ ಹೆಸರು ಹುಡುಕಿದ್ದು, ಅವಳ ಮದುವೆಗೆ ಒಪ್ಪಿದ್ದು, ಮನೆಗೆ ಮತ್ತೊಂದು ಕೋಣೆ ಕಟ್ಟಿಸುವುದು ಬೇಡವೆಂದು ತೀರ್ಮಾನಿಸಿದ್ದು, ತೀರ್ಮಾನಿಸಿದ್ದಕ್ಕೆ ಜಗಳವಾಡಿದ್ದು, ಎಲ್ಲ ಆ ಏರಿನಲ್ಲೇ. ಟೇಪಣ್ಣನಿಗೆ ಗುರುವಾರವೆಂದರೆ ಪ್ರಾಣ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗಂತೂ ಹೇಳಿರಲೇ ಇಲ್ಲ.

ಅವನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಹರೆಯದಲ್ಲಿ ಒಮ್ಮೆ ಅವಳು ಕಲಿಸಲು ಹೊರಟಿದ್ದಳು. ವರ್ಷಗಟ್ಟಲೆ ಹೊಲಿಗೆ ಮಿಷನ್ ತುಳಿದ ಕಾಲು ಅದು, ಪೆಡಲ್ ಕಂಡರೆ ಹಿಮ್ಮಡಿ ಒಮ್ಮೆ, ಬೆರಳು ಒಮ್ಮೆ ಅಂತ ತಾಳ ಹಿಡಿದು ತೂಗತೊಡಗುತ್ತಿತ್ತು. ಬ್ರೇಕಿನ ಮೇಲೆ ಕಾಲಿಟ್ಟಾಗಲೂ ಅದೇ. ಜೀಪು ಮೈದಾನದುದ್ದಕ್ಕೂ ನಿಂತೂ ನಡೆದೂ ನಿಂತೂ ನಡೆದೂ ಬಟ್ಟೆಗೆ ಬಿಡಿ ಹೊಲಿಗೆಯ ಟಾಕು ಹಾಕಿದಂತೆ ಹೋಗಿ, ಒಂದು ಬೇಲಿಯನ್ನು ನೆಲಕ್ಕೆ ಸೇರಿಸಿ ನಿಂತಿತು. ಅಂದಿನಿಂದ ಅವನ ಜಾಗ ಪಕ್ಕದ ಸೀಟು.

ಪಕ್ಕದ ಸೀಟಿನಲ್ಲಿ ಅವನಿಗೆ ಎರಡು ಕೆಲಸ. ಒಂದು, ಮೊಟ್ಟೆಯ ಟ್ರೇಗಳನ್ನು ಮಡಿಲಲ್ಲಿಟ್ಟುಕೊಂಡು ಕುಲುಕದಂತೆ ಹಿಡಿಯುವುದು. ಎರಡನೆಯದು ದೊಡ್ಡ ಕೆಲಸ. ಹಳ್ಳ ಬಂದಾಗ ಇಳಿದು, ಪ್ಯಾಂಟು ಮಡಚಿ, ನೀರಿನಲ್ಲಿ ಮುಂದೆ ಮುಂದೆ ನಡೆದು, ಚಕ್ರ ಯಾವ ಕಲ್ಲಿನ ಮೇಲೆ ಬರಬೇಕೆಂದು ತೋರಿಸುವುದು. ಬೇರೆಯವರಾಗಿದ್ದರೆ ಎಡಕ್ಕೆ, ಬಲಕ್ಕೆ ಎಂದು ಕೈ ಬೀಸುತ್ತಿದ್ದರು. ಇವನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಸಂದು ಮಾಡಿ ತೋರಿಸುತ್ತಿದ್ದ. ಒಂದಿಂಚು ಈ ಕಡೆ. ಅರ್ಧ ಇಂಚು ಆ ಕಡೆ. ಮೊಟ್ಟೆಯಕ್ಕ ಗಾಜಿನಾಚೆ ಆ ಎರಡು ಬೆರಳುಗಳನ್ನೇ ನೋಡುತ್ತ ಇಡೀ ಜೀಪನ್ನು ಸೂಜಿಗೆ ದಾರ ಪೋಣಿಸಿದ ಹಾಗೆ ದಾಟಿಸುತ್ತಿದ್ದಳು.

ಆ ವರ್ಷದ ಮಳೆಗೆ ಹಳ್ಳದ ಕಲ್ಲುಗಳು ಉರುಳಿ ಜಾಗ ಬದಲಿಸಿದವು. ಟೇಪಣ್ಣನ ಬೆರಳು ಎಷ್ಟು ಸರಿಯಾಗಿ ತೋರಿಸಿದರೂ ಜೀಪಿನ ಹೊಟ್ಟೆಯೇ ನೆಲಕ್ಕೆ ಹತ್ತಿರವಾದರೆ ಬೆರಳು ಏನು ಮಾಡೀತು? ಹೇಗೋ ದಾಟಿ ಅವನು ಮತ್ತೆ ಹತ್ತಿ ಕೂತು, ಟ್ರೇ ಮಡಿಲಿಗೆ ತೆಗೆದುಕೊಂಡ ಮೇಲೆ, ದಡದ ಮೇಲೇ ಇದ್ದ ಒಂದು ಕಲ್ಲಿಗೆ ಹಿಂದಿನ ಆಕ್ಸಲಿನ ನಡುವಿನ ಗುಂಡು ಢಣ್ ಎಂದು ಬಡಿಯಿತು. ಜೀಪು ಒಮ್ಮೆ ಎಗರಿತು. ಮಡಿಲ ಟ್ರೇಗಳೂ ಎಗರಿದವು. ಹಾಸ್ಟೆಲಿನ ಅಡುಗೆಯವಳು ನಾಲಿಗೆಗೆ ಬೀಗ ಹಾಕಿಕೊಂಡವಳಲ್ಲ. ಕತ್ತಿನಿಂದ ಮೊಣಕಾಲಿನವರೆಗೆ ಲೋಳೆ ಸುರಿಸಿಕೊಂಡು ಇಳಿದ ಟೇಪಣ್ಣನನ್ನು ಮೇಲಿಂದ ಕೆಳಗೆ ನೋಡಿ, "ಉಳಿದಿದ್ದನ್ನ ಬೇಯಿಸ್ತೀನಿ, ಇವರನ್ನ ಹುರೀಲಾ?" ಎಂದು ಮೊಟ್ಟೆಯಕ್ಕನನ್ನು ಕೇಳಿದಳು. ನಕ್ಕು ಮುಗಿದ ಮೇಲೆ ಇಬ್ಬರಿಗೂ ಗುಟ್ಟಾಗಿ ಒಂದು ಮಾತು ಹೇಳಿದಳು. ಗುಡ್ಡದ ಆ ಬದಿಯ ಸುತ್ತುದಾರಿಯಲ್ಲಿ ಲಾರಿಯವನೊಬ್ಬ ಮೊಟ್ಟೆ ತಂದುಕೊಡುತ್ತೇನೆಂದು ವಾರ್ಡನ್ ಹಿಂದೆ ಬಿದ್ದಿದ್ದಾನೆ, ಇನ್ನೊಂದೆರಡು ಸಲ ಹೀಗಾದರೆ ಅವನಿಗೇ ಕೊಟ್ಟುಬಿಡುತ್ತಾರೆ ಅಂತ.

ಹಾಗಾದರೆ ಗುರುವಾರವೇ ಇರುವುದಿಲ್ಲ. ಇಳಿಯುವ ದಾರಿಯಲ್ಲಿ ಟೇಪಣ್ಣನೇ ಮೊದಲು ಬಾಯಿ ತೆರೆದು, ಜೀಪಿಗೆ ದೊಡ್ಡ ಟೈರು ಹಾಕಿಸೋಣ ಅಂದ.

ಗ್ಯಾರೇಜು ಮೊಟ್ಟೆಯಕ್ಕನ ತಮ್ಮನದು. ಟೇಪಣ್ಣನಿಗೆ ಅವನು ಬಾಮೈದ. ಜಗತ್ತಿನ ಎಲ್ಲ ಕಷ್ಟಗಳಿಗೂ ದೊಡ್ಡ ಟೈರೇ ಮದ್ದು ಎಂದು ನಂಬಿದ ಮನುಷ್ಯ. ಇಷ್ಟು ವರ್ಷ ಅಕ್ಕನ ಜೀಪಿನ ಮೇಲೆ ಕೈಯಿಡಲು ಕಾಯುತ್ತಿದ್ದವನಿಗೆ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು. ಅಕ್ಕ, ಭಾವ ಇಬ್ಬರನ್ನೂ ಟೈರುಗಳ ರಾಶಿಯ ಮೇಲೇ ಕೂರಿಸಿ ವಿವರಿಸತೊಡಗಿದ. ಈಗಿರುವುದು ಇಪ್ಪತ್ತೊಂಬತ್ತು ಇಂಚು ಎತ್ತರದ್ದು. ಅದರ ಮೇಲೆ ಮೂವತ್ತೊಂದು. ಅದರ ಮೇಲೆ ಮೂವತ್ತಮೂರು.

ಟೇಪಣ್ಣನಿಗೆ ಈ ಅಂಕಿಗಳು ಹೊಸವೇ ಅಲ್ಲ. ಇಪ್ಪತ್ತೊಂಬತ್ತೆಂದರೆ ಕಾಲೇಜು ಹುಡುಗನ ಸೊಂಟ, ಮೂವತ್ತೊಂದು ಹೊಸದಾಗಿ ಕೆಲಸಕ್ಕೆ ಸೇರಿದವನದು, ಮೂವತ್ತಮೂರು ಮೊದಲ ಮಗು ಹುಟ್ಟಿದವನದು. ಹಾಗಾಗಿ ಮೊಟ್ಟೆಯಕ್ಕನಿಗಿಂತ ಮೊದಲು ಅವನಿಗೇ ಎಲ್ಲ ಅರ್ಥವಾಯಿತು.

"ಮೂವತ್ತೊಂದು ಹಾಕಿದ್ರೆ ಸ್ಪ್ರಿಂಗು ಸ್ವಲ್ಪ ಎತ್ತಿದ್ರೆ ಸಾಕು ಭಾವ," ಅಂದ ಬಾಮೈದ. "ಆದ್ರೆ ಹಳ್ಳದಲ್ಲಿ ಒಬ್ರು ಇಳಿದು ನೋಡ್ಕೊಂಡೇ ದಾಟಬೇಕು. ಮೂವತ್ಮೂರಾದ್ರೆ ಕಣ್ಮುಚ್ಕೊಂಡು ಹೋಗ್ಬಹುದು. ಆದ್ರೆ ಗಾಡೀನ ಬಿಚ್ಚಿ ಕಟ್ಟಬೇಕು."

ಮೊಟ್ಟೆಯಕ್ಕನ ಮನಸ್ಸು ಮೂವತ್ತೊಂದರ ಕಡೆ ವಾಲಿತ್ತು. ಕೋಳಿಯನ್ನು ಕೇಳಿ ಮಸಾಲೆ ಅರೆಯುವವರುಂಟೇ? ಗಂಡ ಆಗಲೇ ಕತ್ತಿನಿಂದ ಟೇಪು ಇಳಿಸಿಕೊಂಡು ಎದ್ದಿದ್ದ. "ಇದು ಬೆಳೆಯೋ ಹಳ್ಳ. ಮುಂದಿನ ಮಳೆಗೆ ಕಲ್ಲು ಇನ್ನೂ ದೊಡ್ಡದು ಬರುತ್ತೆ. ಒಂದು ಸೈಜು ದೊಡ್ಡದೇ ಇರ್ಲಿ," ಅಂದ. ಇಳಿದು ನೋಡುವ ಆ ಒಬ್ಬರು ಯಾರೆಂಬುದು ಅವನ ತಲೆಗೆ ಹೋಗಲೇ ಇಲ್ಲ.

ಆಮೇಲೆ ಶುರುವಾಯಿತು ನೋಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಟೈರು ದೊಡ್ಡದಾದದ್ದಕ್ಕೆ ಜೀಪಿನ ಒಂದೊಂದು ಭಾಗವೂ ಶಿಕ್ಷೆ ಅನುಭವಿಸಿತು. ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆಂದು ಅದರ ಅಂಚು ಕತ್ತರಿಸಿದರು. ಸಾಲದೆಂದು ಸ್ಪ್ರಿಂಗು ಎತ್ತಿದರು. ಸ್ಪ್ರಿಂಗು ಎತ್ತಿದ್ದಕ್ಕೆ ಶಾಕ್ ಅಬ್ಸಾರ್ಬರು ಮೋಟಾಯಿತು, ಉದ್ದದ್ದು ತಂದರು. ಬ್ರೇಕಿನ ಪೈಪು ಎಟುಕದೆ ಅದೂ ಹೊಸದಾಯಿತು. ಭಾರದ ಚಕ್ರ ತಿರುಗಿಸಲು ಇಂಜಿನ್ನಿಗೆ ಉಸಿರು ಸಾಲದೆಂದು ಆಕ್ಸಲಿನ ಗುಂಡಿನೊಳಗಿನ ಹಲ್ಲುಚಕ್ರ ಬದಲಾಯಿತು. ಸ್ಟೆಪ್ನಿ ಹಿಂದಿನ ಕೊಕ್ಕೆಯಲ್ಲಿ ಕೂರಲಿಲ್ಲ, ಹಳೆಯ ಜಾಕು ಹೊಸ ಎತ್ತರಕ್ಕೆ ಮುಟ್ಟಲಿಲ್ಲ. ಬೇರೆಯವರಾಗಿದ್ದರೆ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದರು. ಟೇಪಣ್ಣನಿಗೆ ಇದರಲ್ಲಿ ಆಶ್ಚರ್ಯವೇ ಇರಲಿಲ್ಲ. ತೋಳು ಬಿಚ್ಚಿದರೆ ಭುಜ ಬಿಚ್ಚಬೇಕು, ಭುಜ ಬಿಚ್ಚಿದರೆ ಕಾಲರು ಬಿಚ್ಚಬೇಕು. ಹಳೆಯ ಕೋಟಿಗೆ ಹೊಸ ಮೈ ತುಂಬಿಸುವುದೆಂದರೆ ಹೀಗೇ ಅಂತ ಅವನೇ ಬಾಮೈದನಿಗೆ ಧೈರ್ಯ ಹೇಳಿದ.

ಅಂಗಡಿ ಕೆಲಸ ಮುಗಿಸಿ ದಿನಾ ಗ್ಯಾರೇಜಿಗೆ ಹೋಗಿ ಅಳತೆ ತೆಗೆಯುತ್ತಿದ್ದ. ಸ್ಟೇರಿಂಗನ್ನು ಪೂರ್ತಿ ತಿರುಗಿಸಿದಾಗ ಟೈರಿಗೂ ಮಡ್‌ಗಾರ್ಡಿಗೂ ಎಷ್ಟು ಸಂದು ಉಳಿಯುತ್ತದೆ, ಮನೆಯ ಶೆಡ್ಡಿನ ಬಾಗಿಲು ಎಷ್ಟೆತ್ತರ, ಶೆಡ್ಡಿನೊಳಗೆ ನೇತಾಡುವ ಬಲ್ಬು ಜೀಪಿನ ತಲೆಗೆ ತಾಗುತ್ತದೋ ಇಲ್ಲವೋ, ಒಂದನ್ನೂ ಬಿಡಲಿಲ್ಲ. ಬಾಮೈದ ಬೆರಗಾಗಿ, ಭಾವ ನೀವು ದಾರಿ ತಪ್ಪಿ ಬಟ್ಟೆಗೆ ಹೋದಿರಿ ಅಂದ. ಟೇಪಣ್ಣ ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಜೀಪು ತಯಾರಾಗಿ ಮನೆಯ ಮುಂದೆ ನಿಂತಾಗ ಬೀದಿಯವರೆಲ್ಲ ಬಂದು ನೋಡಿದರು. ಹಳೆಯ ಜೀಪೇ, ಆದರೆ ಮೂರು ಜನ್ಮದ ಹಸಿವು ತೀರಿಸಿಕೊಂಡ ಹಾಗೆ ಮೈಕೈ ತುಂಬಿಕೊಂಡಿತ್ತು. ಹಿಂದುಗಡೆ ಬಾಮೈದ ತನ್ನ ಕಡೆಯ ಉಡುಗೊರೆಯೆಂದು ಸ್ಪಂಜು ಅಂಟಿಸಿದ ಗೂಡೊಂದನ್ನು ಮಾಡಿ, ರಬ್ಬರು ಪಟ್ಟಿ ಬಿಗಿದಿದ್ದ. ಮೊಟ್ಟೆಯ ಟ್ರೇಗಳೆಲ್ಲ ಅದರಲ್ಲಿ ತೊಟ್ಟಿಲ ಮಕ್ಕಳಂತೆ ಕೂತವು. ಇನ್ನು ಯಾರ ಮಡಿಲೂ ಬೇಕಿಲ್ಲ ಭಾವ ಅಂತ ಅವನು ಹೆಮ್ಮೆಯಿಂದ ಹೇಳಿದ. ಟೇಪಣ್ಣನೂ ನಕ್ಕ. ಏನೋ ಒಂದು ಸಣ್ಣದಾಗಿ ಚುಚ್ಚಿತು, ಯಾವುದೆಂದು ತಿಳಿಯಲಿಲ್ಲ.

ತಿಳಿದದ್ದು ಗುರುವಾರ ಬೆಳಿಗ್ಗೆ. ಮೊಟ್ಟೆಯಕ್ಕ ಸ್ಟೇರಿಂಗನ್ನು ಹಿಡಿದು ಒಂದೇ ನೆಗೆತಕ್ಕೆ ಮೇಲೆ ಹೋದಳು. ಟೇಪಣ್ಣ ತನ್ನ ಕಡೆಯ ಬಾಗಿಲು ತೆರೆದು ಎಂದಿನಂತೆ ಬಲಗಾಲು ಎತ್ತಿದ. ಕಾಲು ಎಂದಿನಷ್ಟೇ ಎದ್ದಿತು. ಜೀಪು ಮಾತ್ರ ಎಂದಿನ ಜಾಗದಲ್ಲಿರಲಿಲ್ಲ, ಒಂದು ಗೇಣು ಮೇಲಿತ್ತು. ಇನ್ನಷ್ಟು ಎತ್ತಿದ. ಜೀವಮಾನವೆಲ್ಲ ಮಿಷನ್ ತುಳಿದು ಸವೆದ ಮೊಣಕಾಲಿನಲ್ಲಿ ಟಕ್ ಎಂದು ಸದ್ದಾಗಿ, ನೋವು ತೊಡೆಯವರೆಗೆ ಹರಿಯಿತು. ಆ ಮಂಡಿ ನೋವಿನ ಸಂಗತಿಯನ್ನು ಅವನು ಹೆಂಡತಿಗೆ ಹೇಳಿರಲೇ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಕಾಲು ಇದ್ದಷ್ಟು ಜೀಪು ಎತ್ತು ಅಂತ ಯಾರೂ ಹೇಳಿಲ್ಲ, ಹೇಳಬೇಕಿತ್ತು. ಶೆಡ್ಡಿನ ಬಲ್ಬನ್ನೂ ಬಿಡದೆ ಅಳೆದವನು ತನ್ನ ಕಾಲನ್ನು ಅಳೆದಿರಲಿಲ್ಲ.

ಅವನು ಕಾಲನ್ನು ಮೆಲ್ಲಗೆ ನೆಲಕ್ಕಿಟ್ಟ. "ನೋಡೇ, ಈ ಸಲ ನೀನೇ ಹೋಗ್ಬಿಟ್ಟು ಬಾ. ಸ್ಕೂಲ್ ಯೂನಿಫಾರ್ಮ್ ರಾಶಿ ಬಿದ್ದಿದೆ," ಅಂದ.

ಶಾಲೆ ಶುರುವಾಗಿ ಆಗಲೇ ಅರ್ಧ ವರ್ಷ ಕಳೆದಿತ್ತು. ಮೊಟ್ಟೆಯಕ್ಕ ಅವನನ್ನು ಒಮ್ಮೆ ನೋಡಿ, ಆಯ್ತು ಅಂದು ಹೊರಟಳು. ಕೆಸರಿಗೆಂದೇ ಮಾಡಿದ ಟೈರಿನ ದಪ್ಪ ಕಚ್ಚುಗಳು ಟಾರು ರಸ್ತೆಯ ಮೇಲೆ ನೂರು ಮಿಷನ್ ಒಟ್ಟಿಗೆ ಓಡಿದ ಹಾಗೆ ಗುಂಯ್ ಎಂದು ಕೂಗುತ್ತ ದೂರವಾದವು. ಟೇಪಣ್ಣ ಅಂಗಡಿ ತೆರೆದು, ಹೊಲಿಯಲು ಏನೂ ಇಲ್ಲದೆ, ಚೆನ್ನಾಗಿಯೇ ಇದ್ದ ಒಂದು ಪರದೆಯ ಅಂಚು ಬಿಚ್ಚಿ ಮತ್ತೆ ಹೊಲಿದ.

ಸಂಜೆ ಅವಳು ಬಂದು ವರದಿ ಕೊಟ್ಟಳು. ಒಂದು ಮೊಟ್ಟೆಗೂ ಬಿರುಕಿಲ್ಲ. ಹಳ್ಳ ದಾಟಿದ್ದೇ ಗೊತ್ತಾಗಲಿಲ್ಲ. ವಾರ್ಡನ್ನಿಗೆ ಭಾರಿ ಖುಷಿ, ಲಾರಿಯವನಿಗೆ ಬೇಡ ಅಂದುಬಿಟ್ಟರಂತೆ. ಟೇಪಣ್ಣ ತಲೆಯಾಡಿಸಿದ. ಗುರುವಾರ ಉಳಿದಿತ್ತು, ತಾನು ಅದರೊಳಗೆ ಇರಲಿಲ್ಲ. ಹಳ್ಳ ದಾಟಿದ್ದೇ ಗೊತ್ತಾಗಲಿಲ್ಲ ಎಂಬ ಮಾತು ಅವನಿಗೆ ರಾತ್ರಿಯ ಊಟವನ್ನು ರುಚಿಯಿಲ್ಲದಂತೆ ಮಾಡಿತು. ಇಷ್ಟು ವರ್ಷ ಎರಡು ಬೆರಳಿನ ಮೇಲೆ ದಾಟಿಸಿದ ಹಳ್ಳ ಅದು.

ಮುಂದಿನ ಗುರುವಾರ ಗಿರಾಕಿಗೆ ತುರ್ತು ಅಂದ. ಆ ಗಿರಾಕಿ ಯಾರೆಂದು ಅವಳು ಕೇಳಲಿಲ್ಲ. ಹೊಸ ಟೈರು ಬಂದ ಮೇಲೆ ಜೀಪಿನ ಸ್ಪೀಡೋಮೀಟರು ಓಡಿದ್ದಕ್ಕಿಂತ ಕಡಿಮೆ ತೋರಿಸುತ್ತಿತ್ತು. ಚಕ್ರ ದೊಡ್ಡದಾದರೆ ಹಾಗೇ, ಮುಳ್ಳು ಸರಿಮಾಡುವುದು ಬಾಕಿ ಇದೆ ಅಂದಿದ್ದ ಬಾಮೈದ. ಅಂತೂ ಮನೆಯಲ್ಲಿ ಸುಳ್ಳು ಹೇಳುವವರು ಇಬ್ಬರಾದರು, ಒಂದು ಜೀಪು, ಇನ್ನೊಬ್ಬ ಯಜಮಾನ.

ಕೈಕಟ್ಟಿ ಕೂರುವ ಆಸಾಮಿ ಅವನಲ್ಲ. ಅಂಗಡಿಯಲ್ಲಿ ಯಾರೂ ಇಲ್ಲದಾಗ ಸ್ಟೂಲಿನ ಮೇಲೆ ಬಲಗಾಲಿಟ್ಟು ಏರುವ ಅಭ್ಯಾಸಕ್ಕೆ ತೊಡಗಿದ. ಪ್ಯಾಂಟು ತೆಗೆದುಕೊಂಡು ಹೋಗಲು ಬಂದ ಗಿರಾಕಿಯೊಬ್ಬ, ಕತ್ತರಿಸುವ ಮೇಜಿನ ಅಂಚು ಹಿಡಿದು ಒಂದು ಕಾಲಿನ ಮೇಲೆ ತೂಗಾಡುತ್ತಿದ್ದ ಟೇಪಣ್ಣನನ್ನು ನೋಡಿ ಬಾಗಿಲಲ್ಲೇ ನಿಂತ. ಬಟ್ಟೆಯ ಗಟ್ಟಿತನ ಪರೀಕ್ಷೆ ಮಾಡ್ತಿದ್ದೀನಿ ಅಂದ ಟೇಪಣ್ಣ. ಆ ಗಿರಾಕಿ ತನ್ನ ಪ್ಯಾಂಟನ್ನು ಎರಡೆರಡು ಸಲ ತಿರುಗಿಸಿ ನೋಡಿಕೊಂಡು ಹೋದ.

ಮೂರನೆಯ ಗುರುವಾರ ಅವನೊಂದು ಉಪಾಯ ಹೂಡಿದ. ಮೊಟ್ಟೆಯಕ್ಕ ಕೊನೆಯ ಟ್ರೇಗಳನ್ನು ತರಲು ಹಿಂದಿನ ಬೀದಿಯ ಕೋಳಿಯವರ ಮನೆಗೆ ನಡೆದು ಹೋಗುತ್ತಾಳೆ. ಅವಳು ಬರುವಷ್ಟರಲ್ಲಿ ತಾನು ಸೀಟಿನಲ್ಲಿ ಕೂತಿದ್ದರೆ ಆಯಿತು, ಹತ್ತಿದ್ದು ಹೇಗೆಂದು ನೋಡುವವರು ಯಾರು? ಅಂಗಡಿಯ ಸ್ಟೂಲು ತಂದು ಜೀಪಿನ ಪಕ್ಕ ಇಟ್ಟ. ಹತ್ತಿದ. ಸ್ಟೂಲಿನ ಒಂದು ಕಾಲು ಮಣ್ಣಿನಲ್ಲಿ ಇಳಿಯಿತು. ಟೇಪಣ್ಣ ಗಾಬರಿಯಲ್ಲಿ ಮುಂದಕ್ಕೆ ಬಗ್ಗಿ ಸೀಟನ್ನು ತಬ್ಬಿದ, ಸ್ಟೂಲು ಹಿಂದಕ್ಕೆ ಉರುಳಿತು. ಹೊಟ್ಟೆ ಸೀಟಿನ ಮೇಲೆ, ಕಾಲು ಗಾಳಿಯಲ್ಲಿ. ಕತ್ತಿನ ಟೇಪು ಜಾರಿ ಗೇರಿನ ಕೋಲಿಗೆ ಸುತ್ತಿಕೊಂಡಿತು. ಮದುವೆಯ ವರ್ಷದ ನಮೂನೆಯ ಪ್ಯಾಂಟು ಎಲ್ಲೋ ಪರ್ ಎಂದಿತು.

ಹಿಂದಿನಿಂದ ಹೆಂಡತಿಯ ಧ್ವನಿ ಬಂತು. "ಏನ್ರೀ ಮಾಡ್ತಿದ್ದೀರಿ?"

ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಿಲ್ಲ ಅನ್ನುವ ಜಾತಿ ಅವನದು. "ಸೀಟಿನ ಹೊಲಿಗೆ ಬಿಟ್ಟಿದೆಯಾ ಅಂತ ನೋಡ್ತಿದ್ದೆ," ಅಂದ ಸೀಟಿನೊಳಗೆ ಮುಖ ಹುದುಗಿಸಿಕೊಂಡೇ.

"ಬಿಟ್ಟಿದೆಯಾ?"

"ಇಲ್ಲ. ಗಟ್ಟಿಯಾಗಿದೆ."

"ಹಾಗಾದ್ರೆ ಇಳೀರಿ."

"ಅದೇ ಆಗ್ತಿಲ್ಲ ಕಣೇ."

ಅವಳು ಟ್ರೇಗಳನ್ನು ಕೆಳಗಿಟ್ಟು, ಸೊಂಟ ಹಿಡಿದು ಅವನನ್ನು ಇಳಿಸಿದಳು. ಇಳಿಸುತ್ತ ನಗತೊಡಗಿದವಳು ನಿಲ್ಲಿಸಲಿಲ್ಲ, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆ ನೀರಿನಲ್ಲೇ ಉರುಳಿದ ಸ್ಟೂಲನ್ನು ನೋಡಿದಳು, ಬಲಗಾಲನ್ನು ನೆಲಕ್ಕೆ ಊರದೆ ನಿಂತಿದ್ದ ಗಂಡನನ್ನು ನೋಡಿದಳು. ನಗು ಯಾವಾಗ ನಿಂತಿತೋ ತಿಳಿಯಲಿಲ್ಲ. ಟ್ರೇಗಳನ್ನು ಗೂಡಿಗೆ ಬಿಗಿದು ಹೊರಟುಹೋದಳು. ಟೇಪಣ್ಣನಿಗೆ ನಾಚಿಕೆಗಿಂತ ಹೆಚ್ಚಾಗಿ ಅಳು ಬಂತು. ಈಗ ಅವಳಿಗೂ ಗೊತ್ತಾಯಿತು, ಗಂಡ ಮುದುಕನಾದ ಅಂತ.

ಸಂಜೆ ಜೀಪು ಮನೆಗೆ ಬರದೆ ನೇರ ಅಂಗಡಿಯ ಮುಂದೆ ಬಂದು ನಿಂತಿತು. ಪಕ್ಕದ ಸೀಟಿನಿಂದ ಬಾಮೈದ ಧುಮುಕಿದ, ಮುಖ ಕೆಂಪಗಾಗಿತ್ತು. ಅಕ್ಕ ತಮ್ಮ ಗ್ಯಾರೇಜಿನಿಂದಲೇ ವಾದ ಮಾಡಿಕೊಂಡು ಬಂದಿದ್ದರು. ಟೇಪಣ್ಣ ತಲೆಯೆತ್ತದೆ ಮಿಷನ್ ತುಳಿಯುತ್ತಲೇ ಇದ್ದ.

ಈ ಟೈರು ಬೇಡ, ತೆಗೆದು ಮೂವತ್ತೊಂದು ಹಾಕು ಅನ್ನುತ್ತಿದ್ದಳು ಮೊಟ್ಟೆಯಕ್ಕ. ಬ್ರೇಕಿನ ಮೇಲೆ ಎದ್ದು ನಿಂತರೂ ಗಾಡಿ ನಿಲ್ಲಲು ಯೋಚನೆ ಮಾಡುತ್ತದೆ ಅಂದಳು. ಬ್ರೇಕಿಗೆ ಬಲ ಕೊಡುವ ಡಬ್ಬಿ ಹಾಕಿಕೊಡುತ್ತೇನೆ ಅಂದ ತಮ್ಮ. ಸ್ಟೇರಿಂಗು ತಿರುಗಿಸಿ ಭುಜ ಬಿದ್ದುಹೋಗಿದೆ ಅಂದಳು. ಪವರ್ ಸ್ಟೇರಿಂಗ್ ಇದೆಯಲ್ಲ ಅಂದ ಅವನು. ಟೈರಿನ ಸದ್ದಿಗೆ ಒಳಗೆ ಮಾತಾಡಿದರೆ ಕೇಳುವುದಿಲ್ಲ ಅಂದಳು.

"ಒಬ್ಬಳೇ ಹೋಗ್ತೀಯ, ಯಾರ ಹತ್ರ ಮಾತಾಡ್ಬೇಕು ಅಕ್ಕಾ?" ಅಂದ ಅವನು, ಪಾಪ, ಕೆಟ್ಟ ಮನಸ್ಸಿನಿಂದಲ್ಲ. ಆಮೇಲೆ ಕೊನೆಯ ಬಾಣ ಬಿಟ್ಟ. "ಮೂವತ್ತೊಂದು ಹಾಕಿದ್ರೆ ಹಳ್ಳದಲ್ಲಿ ಮತ್ತೆ ಒಬ್ರು ಇಳಿದು ದಾರಿ ತೋರಿಸ್ಬೇಕಾಗುತ್ತೆ. ಮೊದಲೇ ಹೇಳಿದ್ದೆ."

"ಅದಕ್ಕೇ ಕಣೋ," ಅಂದಳು ಮೊಟ್ಟೆಯಕ್ಕ.

ಮಿಷನ್ ನಿಂತಿತು. ಟೇಪಣ್ಣನ ಕಾಲು ಪೆಡಲಿನ ಮೇಲೇ ಉಳಿಯಿತು. ಬಾಮೈದ ಅಕ್ಕನ ಮುಖ ನೋಡಿದ, ಭಾವನ ಮುಖ ನೋಡಿದ, ಭಾವ ಮಡಚಲಾಗದೆ ಚಾಚಿಕೊಂಡಿದ್ದ ಇನ್ನೊಂದು ಕಾಲನ್ನು ನೋಡಿದ. ಟೈರಿನ ಹುಚ್ಚಿದ್ದರೂ ದಡ್ಡನಲ್ಲ. ಆ ಮೂವತ್ತಮೂರನ್ನು ನನ್ನ ಜೀಪಿಗೇ ಹಾಕಿಕೊಳ್ತೀನಿ ಬಿಡು ಅಂತ ಗೊಣಗಿದ. ಗೊಣಗಿದರೂ ಮುಖ ಅರಳಿತ್ತು, ಅದು ಅವನ ಬಹಳ ದಿನದ ಆಸೆ. ಸ್ಪ್ರಿಂಗು ಇಳಿಸುತ್ತೇನೆ, ಹತ್ತಲು ಒಂದು ಮೆಟ್ಟಿಲು ಬೆಸುಗೆ ಹಾಕುತ್ತೇನೆ, ಕಲ್ಲಿಗೆ ತಾಗದಂತೆ ಮಡಚಿ ಮೇಲೆತ್ತುವ ಹಾಗೆ ಮಾಡುತ್ತೇನೆ ಅಂದ. "ಎಷ್ಟು ಎತ್ತರಕ್ಕೆ ಬೇಕು ಅಳತೆ ಕೊಡಿ ಭಾವ."

ಟೇಪಣ್ಣನ ಕೈ ಕತ್ತಿನ ಟೇಪಿನ ಮೇಲೆ ಹೋಯಿತು, ಅಲ್ಲೇ ನಿಂತಿತು. ಊರಿನ ಕಾಲುಗಳನ್ನೆಲ್ಲ ಅಳೆದವನು ತನ್ನ ಕಾಲಿಗೆ ಎಂದೂ ಟೇಪು ಹಿಡಿದಿರಲಿಲ್ಲ.

ಮೊಟ್ಟೆಯಕ್ಕ ಒಳಗೆ ಬಂದು ಅವನ ಕತ್ತಿನಿಂದ ಟೇಪು ತೆಗೆದುಕೊಂಡಳು. ಏಳಿಸಿ ಕನ್ನಡಿಯ ಮುಂದೆ, ಗಿರಾಕಿಗಳು ನಿಲ್ಲುವ ಜಾಗದಲ್ಲಿ ನಿಲ್ಲಿಸಿದಳು. ಅವನು ತನಗೆ ತಿಳಿಯದೆಯೇ ಹೊಟ್ಟೆಯನ್ನು ಒಳಗೆಳೆದುಕೊಂಡು, ಕಾಲು ನೆಟ್ಟಗೆ ಮಾಡಿ, ಹಲ್ಲು ಕಚ್ಚಿ ನಿಂತ.

"ಉಸಿರು ಬಿಡ್ರೀ," ಅಂದಳು ಅವಳು ನೆಲದ ಮೇಲೆ ಕೂತು. "ಇರೋ ಹಾಗೇ ನಿಲ್ಲಿ."

ಟೇಪಣ್ಣ ಉಸಿರು ಬಿಟ್ಟ. ಹೊಟ್ಟೆ ತನ್ನ ಜಾಗಕ್ಕೆ ಬಂತು, ಮೊಣಕಾಲು ಬಾಗುವಷ್ಟು ಬಾಗಿತು. ಈಗ ಎತ್ತಿ, ನೋವು ಬಂದಲ್ಲಿಗೆ ನಿಲ್ಲಿಸಿ ಅಂದಳು. ಅವನು ಅವಳ ಹೆಗಲ ಮೇಲೆ ಕೈಯೂರಿ ಬಲಗಾಲು ಎತ್ತಿದ, ನೋವು ಬಂದಲ್ಲಿ ನಿಲ್ಲಿಸಿದ. ಅದು ಅಷ್ಟೇನೂ ಎತ್ತರವಿರಲಿಲ್ಲ. ಅವಳು ನೆಲದಿಂದ ಹಿಮ್ಮಡಿಯವರೆಗೆ ಟೇಪು ಹಿಡಿದು ತಮ್ಮನಿಗೆ ಅಳತೆ ಕೂಗಿದಳು. ತಮ್ಮ ಸೀಮೆಸುಣ್ಣದಲ್ಲಿ ಜೀಪಿನ ಮೈಮೇಲೆ ಒಂದು ಗೆರೆ ಎಳೆದ.

"ಅಲ್ಲಿ ಬೇಡ ಕಣೋ, ಇನ್ನೂ ಒಂದಿಂಚು ಕೆಳಗೆ ಎಳಿ," ಅಂದಳು ಮೊಟ್ಟೆಯಕ್ಕ.

"ಅಳತೆ ಸರಿ ಇದೆಯಲ್ಲೇ," ಅಂದ ಟೇಪಣ್ಣ. ಕಸುಬಿನ ಮಾತು, ಬಾಯಿ ತಡೆಯಲಿಲ್ಲ.

ಅವಳು ಟೇಪನ್ನು ಸುತ್ತಿ ಅವನ ಕೈಯಲ್ಲಿಟ್ಟಳು. "ಬೆಳೆಯೋ ಮಕ್ಕಳಿಗೆ ಮುಂದಕ್ಕೆ ಅಂತ ಬಟ್ಟೆ ಬಿಡ್ತೀರಲ್ಲ, ಹಾಗೇ ಇದು. ನೀವು ಇನ್ನೂ ಬಹಳ ವರ್ಷ ಹತ್ತಬೇಕು."

ಬಾಮೈದ ಹಳೆಯ ಗೆರೆಯನ್ನು ಅಂಗೈಯಿಂದ ಒರೆಸಿ, ಒಂದಿಂಚು ಕೆಳಗೆ ಹೊಸ ಗೆರೆ ಎಳೆದ. ಟೇಪಣ್ಣ ಕನ್ನಡಿಯ ಮುಂದೆ ಹಾಗೇ ನಿಂತಿದ್ದ, ಒಂದು ಕೈ ಇನ್ನೂ ಹೆಂಡತಿಯ ಹೆಗಲ ಮೇಲಿತ್ತು.